ನಿರಾಶ್ರಿತರ ಗುಡಿಸಲಿಗೆ ಬಾಂಬು ಎಸೆದವರು ಯಾರ ಪಕ್ಷ?

ಬಡವರ ಹೆಸರು ಹೇಳಿ ಬಂದೂಕು ಹಿಡಿದವರು ಬಡವರ ಗುಡಿಸಲ ಮೇಲೆಯೇ ಬಾಂಬು ಎಸೆದರೆ ಅವರನ್ನು ಏನೆಂದು ಕರೆಯಬೇಕು? ಎಡಪಂಥೀಯರೆನಿಸಿಕೊಂಡ ಕೆಲವರು ಈ ಪ್ರಶ್ನೆ ಬಂದಾಗ ಗಂಟಲು ಸರಿಮಾಡಿಕೊಂಡು ಬೇರೆ ಮಾತು ತೆಗೆಯುತ್ತಾರೆ. ಅತ್ತ ಆಳುವ ಪಕ್ಷಗಳವರು ಇದೇ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳುತ್ತಾರೆ; ಆದರೆ ಆ ಬಡವರು ಸ್ವಂತ ಊರು ಬಿಟ್ಟು ಆ ಗುಡಿಸಲಿಗೆ ಬಂದದ್ದು ಹೇಗೆ ಎಂದು ನಾವು ಕೇಳಿದರೆ ಅವರಿಗೂ ಕಿವುಡು. ಈ ಎರಡು ಗುಂಪಿಗೂ ಉತ್ತರ ಕೊಡಬೇಕಾದ ಕಾಲ ಬಂದಿದೆಯೆಂದು ನಾವು ತಿಳಿದಿದ್ದೇವೆ.

ನಾವು ಹೇಳುತ್ತಿರುವುದು ಛತ್ತೀಸಗಡದ ಎರ್ರಾಬೋರಿನ ಸಂಗತಿ. ಆಗಿನ ದಂತೇವಾಡಾ ಜಿಲ್ಲೆ, ಈಗ ಸುಕ್ಮಾ ಜಿಲ್ಲೆ. ಕೋಂಟಾಕ್ಕೆ ಹೋಗುವ ಹೆದ್ದಾರಿಯ ಪಕ್ಕದಲ್ಲಿ, ಪೋಲೀಸು ಠಾಣೆಯ ಆಸರೆಯಲ್ಲಿ, ಊರು ಬಿಟ್ಟು ಬಂದ ಆದಿವಾಸಿಗಳ ಶಿಬಿರವೊಂದಿತ್ತು. 2006ರ ಜುಲೈ 17ರ ಮುಂಜಾವಿಗೆ ಮುಂಚೆ, ಜನ ಮಲಗಿದ್ದ ಹೊತ್ತಿನಲ್ಲಿ, ನೂರಾರು ಮಾವೋವಾದಿಗಳು ಆ ಶಿಬಿರಕ್ಕೆ ನುಗ್ಗಿದರು. ಪೆಟ್ರೋಲು ಬಾಂಬು ಎಸೆದರು, ಗುಡಿಸಲುಗಳಿಗೆ ಬೆಂಕಿಯಿಟ್ಟರು, ಸಿಕ್ಕವರನ್ನು ಕಡಿದರು. ಸತ್ತವರು ಮೂವತ್ತಕ್ಕೂ ಹೆಚ್ಚು. ಅವರಲ್ಲಿ ಹೆಂಗಸರಿದ್ದರು, ಕೂಸುಗಳಿದ್ದವು. ಹತ್ತಾರು ಜನರನ್ನು ಹಿಡಿದುಕೊಂಡು ಕಾಡಿಗೆ ಹೋದರು. ಅವರಲ್ಲಿ ಕೆಲವರು ಜೀವಂತವಾಗಿ ಹಿಂದಿರುಗಲಿಲ್ಲ. ಇದಕ್ಕೆ ಕೆಲವು ತಿಂಗಳು ಮೊದಲು, ಅದೇ ವರ್ಷದ ಫೆಬ್ರುವರಿ 28ರಂದು, ಅದೇ ಸೀಮೆಯ ದರ್ಭಾಗುಡಾದಲ್ಲಿ ಸಭೆಯಿಂದ ಮರಳುತ್ತಿದ್ದ ಜನರ ಲಾರಿಯನ್ನು ನೆಲಬಾಂಬಿನಿಂದ ಹಾರಿಸಿ ಇಪ್ಪತ್ತೈದಕ್ಕೂ ಹೆಚ್ಚು ಮಂದಿಯನ್ನು ಕೊಂದಿದ್ದರು.

ಸತ್ತವರಲ್ಲಿ ಜಮೀನ್ದಾರನಿದ್ದನೇ? ಗಣಿಯ ಧಣಿಯಿದ್ದನೇ? ಬಡ್ಡಿ ಸಾಹುಕಾರನಿದ್ದನೇ? ತುಂಡು ಭೂಮಿಯನ್ನೂ ಇಪ್ಪೆಯ ಮರವನ್ನೂ ಬಿಟ್ಟು ಬಂದ ಮುರಿಯರು, ದೋರ್ಲರು. ಸರಕಾರ ಅಳೆದು ಕೊಟ್ಟ ಅಕ್ಕಿಯಲ್ಲಿ ದಿನ ಕಳೆಯುತ್ತಿದ್ದವರು.

ಈಗ ಇನ್ನೊಂದು ಮಗ್ಗುಲು ನೋಡೋಣ. ಈ ಜನ ಶಿಬಿರಕ್ಕೆ ಬಂದದ್ದು ತಾವಾಗಿಯೇ ಎಂದು ಛತ್ತೀಸಗಡ ಸರಕಾರ ಡಂಗುರ ಹೊಡೆಯಿತು. 2005ರ ಜೂನಿನಲ್ಲಿ ‘ಸಲ್ವಾ ಜುಡುಂ’ ಎಂಬ ಚಳವಳಿ ಹುಟ್ಟಿತು. ಸರಕಾರ ಅದನ್ನು ಶಾಂತಿ ಅಭಿಯಾನವೆಂದು ಕರೆಯಿತು. ಮುಂದಾಳು ಕಾಂಗ್ರೆಸ್ಸಿನ ಮಹೇಂದ್ರ ಕರ್ಮಾ; ಬೆನ್ನು ಚಪ್ಪರಿಸಿದ್ದು ಭಾರತೀಯ ಜನತಾ ಪಕ್ಷದ ರಮಣ್ ಸಿಂಗ್ ಸರಕಾರ. ವಿಧಾನಸಭೆಯಲ್ಲಿ ಒಬ್ಬರ ಮುಖ ಒಬ್ಬರು ನೋಡದವರು ಆದಿವಾಸಿಯ ಊರು ಖಾಲಿ ಮಾಡಿಸುವ ಕೆಲಸದಲ್ಲಿ ಒಂದಾದರು! ಮೆರವಣಿಗೆ ಬರುತ್ತಿತ್ತು; ಅದರ ಹಿಂದೆ ಪೋಲೀಸು ಬರುತ್ತಿತ್ತು. ಶಿಬಿರಕ್ಕೆ ಬರಲೊಪ್ಪದ ಊರಿಗೆ ಬೆಂಕಿ ಬೀಳುತ್ತಿತ್ತು. ಹೀಗೆ ಬರಿದಾದ ಹಳ್ಳಿಗಳ ಲೆಕ್ಕ 644. ಸುಮಾರು ಐವತ್ತು ಸಾವಿರ ಜನ ಹೆದ್ದಾರಿ ಬದಿಯ ಶಿಬಿರಗಳಿಗೆ ಬಂದರು. ಹತ್ತಾರು ಸಾವಿರ ಜನ ಗಡಿ ದಾಟಿ ಆಗಿನ ಆಂಧ್ರಪ್ರದೇಶದ ಖಮ್ಮಂ, ವರಂಗಲ್ಲು ಜಿಲ್ಲೆಗಳ ಕಾಡು ಸೇರಿದರು.

ಊರು ಹೋಗು ಎನ್ನುತ್ತದೆ, ಕಾಡು ಬಾ ಎನ್ನುತ್ತದೆ ಎಂದು ನಮ್ಮ ಮುದುಕರು ಹೇಳುವುದುಂಟು. ಇಲ್ಲಿ ಕಾಡೂ ಬಾ ಎನ್ನಲಿಲ್ಲ. ಹಳ್ಳಿಯಲ್ಲೇ ಉಳಿದವನು ಸಲ್ವಾ ಜುಡುಮಿನ ಕಣ್ಣಿಗೆ ನಕ್ಸಲ. ಶಿಬಿರಕ್ಕೆ ಬಂದವನು ಮಾವೋವಾದಿಯ ಕಣ್ಣಿಗೆ ದ್ರೋಹಿ. ಬಿಟ್ಟುಬಂದ ಮನೆಯಿಂದ ಕಾಳುಕಡಿ ತರಲು ಹೋದ ಶಿಬಿರವಾಸಿಗಳನ್ನು ಹಿಡಿದು ಕೊಂದದ್ದೂ ಉಂಟು.

ಕೊಟ್ಟೂರಿನ ಅಂಗಡಿಕಾರ ಮಿತ್ರರೊಬ್ಬರು ನಮ್ಮನ್ನು ಕೇಳಿದರು: “ಮೇಷ್ಟ್ರೇ, ಎಲ್ಲಿಯ ದಂತೇವಾಡ, ಎಲ್ಲಿಯ ಕೊಟ್ಟೂರು? ಜಿ.ಎಸ್.ಟಿ. ಬಗ್ಗೆ ಬರೀರಿ, ಸಂತೆ ಸುಂಕದ ಬಗ್ಗೆ ಬರೀರಿ. ಅವರಿಗೂ ನಮಗೂ ಏನು ಸಂಬಂಧ?” ಪ್ರಶ್ನೆ ನ್ಯಾಯವಾದುದೇ. ಉತ್ತರ ಕೊಡುತ್ತೇವೆ.

ಮೊದಲನೆಯದಾಗಿ, ಊರು ಬಿಡುವುದೆಂದರೇನೆಂದು ನಮ್ಮ ಸೀಮೆಗೆ ಯಾರೂ ಕಲಿಸಬೇಕಾಗಿಲ್ಲ. ‘ಗುಳೆ’ ಎಂಬ ಮಾತು ನಮ್ಮದು. ಮಳೆ ಕೈಕೊಟ್ಟ ವರ್ಷ ಕೂಡ್ಲಿಗಿ, ಹರಪನಹಳ್ಳಿಯ ತಾಂಡಾಗಳಿಗೆ ಹೋಗಿ ನೋಡಿರಿ. ಮುದುಕರು ಮತ್ತು ಬೀಗ ಬಿಟ್ಟರೆ ಏನೂ ಕಾಣದು. ಮಂಡ್ಯದ ಕಬ್ಬಿನ ಗದ್ದೆ, ಚಿಕ್ಕಮಗಳೂರಿನ ಕಾಫಿ ತೋಟ, ಬೆಂಗಳೂರಿನ ಕಟ್ಟಡದ ಬುಡ, ಇವೇ ಅವರ ಶಿಬಿರಗಳು. ನಾಲ್ಕು ಗಳ, ಒಂದು ಟಾರ್ಪಾಲು, ಮೂರು ಕಲ್ಲಿನ ಒಲೆ. ಹಗರಿಬೊಮ್ಮನಹಳ್ಳಿಯ ಕಡೆಯವರಿಗೆ ಇನ್ನೂ ಹಳೆಯ ನೆನಪಿದೆ: ತುಂಗಭದ್ರೆಯ ಅಣೆಕಟ್ಟಿಗಾಗಿ ನಾರಾಯಣದೇವರಕೆರೆ ನೀರಿನಡಿ ಹೋಯಿತು, ಅಲ್ಲಿಯ ಜನ ಮರಿಯಮ್ಮನಹಳ್ಳಿಗೆ ಬಂದು ಹೊಸ ಒಲೆ ಹೂಡಿದರು. ಗುಳೆ ಹೋದವನಿಗೆ ಒಂದು ಭಾಗ್ಯವಿದೆ; ಕೊಟ್ಟೂರೇಶ್ವರನ ತೇರಿಗೋ ಮೈಲಾರದ ಜಾತ್ರೆಗೋ ಅವನು ಮರಳಿ ಬರಬಹುದು. ಎರ್ರಾಬೋರಿನವನಿಗೆ ಅದೂ ಇಲ್ಲದಾಯಿತು. ನಮ್ಮ ತಾಂಡಾದ ಮಕ್ಕಳು ಮಲಗಿರುವ ಟಾರ್ಪಾಲಿನ ಮೇಲೆ ನಡುರಾತ್ರಿ ಬೆಂಕಿ ಬಿದ್ದರೆ, ಎಸೆದವನ ಕೈಯಲ್ಲಿ ಯಾವ ಬಣ್ಣದ ಬಾವುಟವಿತ್ತೆಂದು ವಿಚಾರಿಸಿ ಆಮೇಲೆ ಖಂಡಿಸುತ್ತೇವೆಯೇ?

ಎರಡನೆಯ ಸಂಬಂಧ ಕಬ್ಬಿಣದ್ದು. ದಂತೇವಾಡಾದ ಬೈಲಾಡಿಲಾ ಬೆಟ್ಟದಲ್ಲಿ ಅದಿರು ಅಗೆಯುವುದು ಎನ್.ಎಂ.ಡಿ.ಸಿ.; ನಮ್ಮ ಸಂಡೂರಿನ ದೋಣಿಮಲೈಯಲ್ಲಿ ಅಗೆಯುವುದೂ ಅದೇ. ಒಂದೇ ಕಂಪೆನಿಯ ಎರಡು ಗುಂಡಿ! 2005ರ ಜೂನ್ ತಿಂಗಳು, ಅಂದರೆ ಸಲ್ವಾ ಜುಡುಂ ಹುಟ್ಟಿದ ತಿಂಗಳೇ, ಛತ್ತೀಸಗಡ ಸರಕಾರ ಬಸ್ತರದಲ್ಲಿ ಉಕ್ಕಿನ ಕಾರಖಾನೆಗಾಗಿ ಟಾಟಾ ಕಂಪೆನಿಯೊಡನೆ ಒಪ್ಪಂದಕ್ಕೆ ಸಹಿ ಹಾಕಿತು. ತಾರೀಖುಗಳು ಅಕ್ಕಪಕ್ಕ ಕುಳಿತಿವೆ, ವಾಚಕರೇ ಓದಿಕೊಳ್ಳಲಿ. (ಆ ಕಾರಖಾನೆ ಏಳಲೇ ಇಲ್ಲ, 2019ರಲ್ಲಿ ಲೋಹಂಡಿಗುಡಾದ ರೈತರಿಗೆ ಭೂಮಿ ಮರಳಿ ಬಂತು. ರೈತರು ಪಟ್ಟುಬಿಡದೆ ಕುಳಿತದ್ದರಿಂದ ಬಂತು, ಬಾಂಬಿನಿಂದ ಬರಲಿಲ್ಲ.) ಅದಿರಿನ ಹಣ ಬಂದ ಸೀಮೆಯಲ್ಲಿ ಕಾನೂನು ಹೇಗೆ ಮಲಗುತ್ತದೆಂದು ನಮಗೆ ಗೊತ್ತು. ನಮ್ಮ ರಸ್ತೆಗಳ ಮೇಲೆ ಹಗಲಿರುಳು ಅದಿರಿನ ಲಾರಿ ಓಡಿದ ವರ್ಷಗಳನ್ನು, ಕೆಂಧೂಳು ಕುಡಿದ ಶೇಂಗಾ ಹೊಲಗಳನ್ನು ನಾವು ಮರೆತಿಲ್ಲ. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ ಹೆಗ್ಡೆಯವರ ವರದಿ ಬಂತು. ಅದೇ ವಾರ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿತು. ಅದೇ ಜುಲೈ 5ರಂದು ಅದೇ ಕೋರ್ಟು ಸಲ್ವಾ ಜುಡುಮಿನ ವಿಷಯದಲ್ಲಿಯೂ ತೀರ್ಪು ಕೊಟ್ಟಿತ್ತು.

ಆ ತೀರ್ಪಿನ ಬಗ್ಗೆ ಎರಡು ಮಾತು ಹೆಚ್ಚಾಗಿಯೇ ಹೇಳಬೇಕು. ನ್ಯಾಯಮೂರ್ತಿಗಳಾದ ಸುದರ್ಶನ ರೆಡ್ಡಿ, ಸುರಿಂದರ್ ಸಿಂಗ್ ನಿಜ್ಜರ್ ಅವರು, ಆದಿವಾಸಿ ಹುಡುಗರನ್ನು ‘ವಿಶೇಷ ಪೋಲೀಸು ಅಧಿಕಾರಿ’ಗಳೆಂದು ಹೆಸರಿಸಿ ಬಂದೂಕು ಕೊಟ್ಟು ನಕ್ಸಲರ ಮೇಲೆ ಬಿಡುವುದು ಸಂವಿಧಾನಕ್ಕೆ ವಿರುದ್ಧವೆಂದರು. ಆಗ ಅಂಥವರ ಸಂಖ್ಯೆ ಸುಮಾರು 6,500. ತಿಂಗಳಿಗೆ ಸಂಭಾವನೆ ಮೂರು ಸಾವಿರ ರೂಪಾಯಿ. ವಿದ್ಯಾರ್ಹತೆ ಏನೆಂದುಕೊಂಡಿರಿ? ಐದನೆಯ ತರಗತಿ! ಹತ್ತಾರು ವರ್ಷ ಸೀಮೆಸುಣ್ಣ ಹಿಡಿದ ನಮಗೆ ಐದನೆಯ ತರಗತಿಯ ಹುಡುಗ ಎಷ್ಟು ಓದುತ್ತಾನೆ, ಎಷ್ಟು ತಿಳಿಯುತ್ತಾನೆ ಎಂಬುದು ಗೊತ್ತು. ಬಸ್ಸಿನ ಬೋರ್ಡು ಓದಬಲ್ಲ, ಸಾಹುಕಾರನ ಲೆಕ್ಕ ಕೂಡಿಸಬಲ್ಲ. ಕಾನೂನಿನ ಕಲಮು ಅವನಿಗೆ ತಿಳಿಯದು. ಅವನ ಕೈಗೆ ಬಂದೂಕು ಕೊಟ್ಟು, ತನ್ನದೇ ಓಣಿಯವರನ್ನು ಗುರುತು ತೋರಿಸು ಎಂದವರು ಪದವೀಧರರು, ಐ.ಪಿ.ಎಸ್. ಪಾಸಾದವರು. ಅತ್ತ ಕಾಡಿನಲ್ಲಿ ಅದೇ ವಯಸ್ಸಿನ ಹುಡುಗನ ಕೈಗೆ ಬಂದೂಕು ಕೊಟ್ಟವರೂ ಓದಿದವರೇ. ಶಾಲೆಯ ಗತಿಯಂತೂ ಕೇಳಲೇಬೇಡಿ. ಪಡೆಗಳು ಶಾಲೆಯಲ್ಲಿ ಬೀಡುಬಿಟ್ಟವು. ಬೀಡುಬಿಟ್ಟಾರೆಂದು ಮಾವೋವಾದಿಗಳು ಶಾಲೆಯ ಕಟ್ಟಡಗಳನ್ನೇ ಸಿಡಿಸಿದರು. ಎರಡೂ ಕಡೆಯವರು ಸೇರಿ ಒಂದು ತಲೆಮಾರಿಗೆ ಅಕ್ಷರ ತಪ್ಪಿಸಿದರು. ತೀರ್ಪು ಬಂದ ವರ್ಷವೇ ಛತ್ತೀಸಗಡ ಸರಕಾರ ಹೊಸ ಕಾಯಿದೆ ಮಾಡಿ ಅದೇ ಹುಡುಗರನ್ನು ಬೇರೆ ಹೆಸರಿನ ಪಡೆಗೆ ಸೇರಿಸಿಕೊಂಡಿತು. ಹಳೆಯ ಮದ್ಯ, ಹೊಸ ಸೀಸೆ.

ಈಗ ಮಾವೋವಾದಿಗಳ ವಕೀಲರಿಗೆ ಉತ್ತರ. ಕಾಲೇಜು ಓದಿದ ತರುಣ ಮಿತ್ರರಲ್ಲಿ ಇಂಥವರು ಇನ್ನೂ ಇದ್ದಾರೆ. ಅವರ ವಾದ ಹೀಗೆ: “ಆ ಶಿಬಿರದಲ್ಲಿ ಆಯುಧ ಹಿಡಿದವರಿದ್ದರು. ಅದು ನಿರಾಶ್ರಿತರ ಶಿಬಿರವಲ್ಲ, ಶತ್ರುವಿನ ಠಾಣ್ಯ. ಆದ್ದರಿಂದ ದಾಳಿ ನ್ಯಾಯ.”

ಈ ವಾದವನ್ನು ತುಂಗಭದ್ರೆಯ ದಂಡೆಗೆ ತಂದು ನೋಡೋಣ. 1947-48ರಲ್ಲಿ ಹೈದರಾಬಾದಿನ ನಿಜಾಮ ಭಾರತಕ್ಕೆ ಸೇರಲೊಲ್ಲದೆ ಕುಳಿತಾಗ, ಖಾಸಿಂ ರಜವಿಯ ರಜಾಕಾರರ ಹಾವಳಿಗೆ ಹೆದರಿ ರಾಯಚೂರು, ಗುಲ್ಬರ್ಗಾ, ಬೀದರ ಜಿಲ್ಲೆಗಳ ಜನ ಗಡಿ ದಾಟಿ ಬಂದರು. ಆಗ ನಮ್ಮ ಈ ತಾಲ್ಲೂಕುಗಳು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಹೊಳೆ ದಾಟಿದರೆ ಪ್ರಾಣ ಉಳಿಯುತ್ತದೆಂಬ ನಂಬಿಕೆಯಿತ್ತು. ಹಡಗಲಿಯ ಆಚೆ ದಂಡೆಯ ಕಡೆ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ಶಿಬಿರವಿತ್ತು. ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರದಿತ್ತು. ಇವು ಆಯುಧವಿದ್ದ ಶಿಬಿರಗಳು. ಇಲ್ಲಿಂದ ಹೊರಟ ತರುಣರು ನಿಜಾಮನ ಠಾಣ್ಯಗಳ ಮೇಲೆ ದಾಳಿ ಮಾಡುತ್ತಿದ್ದರು. ಇದನ್ನು ಯಾರೂ ಮುಚ್ಚಿಡಲಿಲ್ಲ, ಹೆಮ್ಮೆಯಿಂದಲೇ ಹೇಳುತ್ತೇವೆ. ಹಾಗಾದರೆ, ಗಡಿಯಲ್ಲಿ ಹೋರಾಟಗಾರರ ಶಿಬಿರವಿದೆಯೆಂದು ಹೇಳಿ, ಹೊಳೆ ದಾಟಿ ಬಂದು ಛತ್ರದಲ್ಲಿ ಮಲಗಿದ್ದ ಬಾಣಂತಿಯನ್ನು ರಜಾಕಾರ ಸುಟ್ಟಿದ್ದರೆ ನಾವು ಅದನ್ನು ಯುದ್ಧವೆನ್ನುತ್ತಿದ್ದೆವೋ, ಕೊಲೆಯೆನ್ನುತ್ತಿದ್ದೆವೋ? 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರ್ಟಾದಲ್ಲಿ ರಜಾಕಾರರು ಊರಿಗೆ ಊರನ್ನೇ ಕೊಂದರು. ಅದನ್ನು ಕೊಲೆಯೆಂದೇ ಇತಿಹಾಸ ಬರೆದಿದೆ.

ಮಾತು ಅಲ್ಲಿಗೆ ನಿಂತರೆ ಅರ್ಧ ಸತ್ಯವಾದೀತು. ಆ ಸಪ್ಟೆಂಬರಿನಲ್ಲಿ ಭಾರತದ ಸೈನ್ಯ ನಾಲ್ಕೈದು ದಿನದಲ್ಲಿ ಹೈದರಾಬಾದನ್ನು ಗೆದ್ದ ಮೇಲೆ ಏನಾಯಿತು? ರಜಾಕಾರರ ಪಾಪಕ್ಕೆ ಉಸ್ಮಾನಾಬಾದು, ಗುಲ್ಬರ್ಗಾ, ಬೀದರ, ನಾಂದೇಡ ಜಿಲ್ಲೆಗಳ ಬಡ ಮುಸಲ್ಮಾನರು ಬೆಲೆ ತೆತ್ತರು. ನೆಹರೂ ಸರಕಾರವೇ ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿ, ಸತ್ತವರು ಇಪ್ಪತ್ತೇಳು ಸಾವಿರದಿಂದ ನಲವತ್ತು ಸಾವಿರ ಎಂದು ಅಂದಾಜು ಮಾಡಿತು. ಆ ವರದಿಯನ್ನು ದಶಕಗಳ ಕಾಲ ಕತ್ತಲೆಯಲ್ಲಿಟ್ಟರು. ಗೋರ್ಟಾವನ್ನು ನೆನೆದು ಇದನ್ನು ಮರೆಯುವವರೂ, ಇದನ್ನು ನೆನೆದು ಗೋರ್ಟಾವನ್ನು ಮರೆಯುವವರೂ ನಮ್ಮ ನಡುವೆ ಇದ್ದಾರೆ. ಎರ್ರಾಬೋರಿನ ವಿಷಯದಲ್ಲಿ ನಡೆದಿರುವುದೂ ಇದೇ ವ್ಯಾಪಾರ. ತಾಡ್‌ಮೆಟ್ಲಾದಲ್ಲಿ 2011ರ ಮಾರ್ಚಿನಲ್ಲಿ ಪಡೆಗಳು ಮನೆಗಳನ್ನು ಸುಟ್ಟದ್ದನ್ನು ಹೇಳುವವರು ಎರ್ರಾಬೋರನ್ನು ಹೇಳರು. ಎರ್ರಾಬೋರು ಹೇಳುವವರು ತಾಡ್‌ಮೆಟ್ಲಾ ಹೇಳರು.

ಎರ್ರಾಬೋರಿನ ಶಿಬಿರದಲ್ಲಿ ವಿಶೇಷ ಪೋಲೀಸರಿದ್ದದ್ದು ನಿಜ. ಅವರನ್ನು ಹೆಂಗಸು ಮಕ್ಕಳ ನಡುವೆ ಇರಿಸಿದ್ದು ಸರಕಾರದ ಅಪರಾಧ. ಜನರ ಮೈಯನ್ನೇ ಗುರಾಣಿ ಮಾಡಿಕೊಂಡದ್ದಕ್ಕೆ ರಮಣ್ ಸಿಂಗ್ ಸರಕಾರ ಉತ್ತರ ಹೇಳಲಿಲ್ಲ. ಆದರೆ ಗುರಾಣಿಯಾದವನ ಮೈಗೆ ಕೊಡಲಿ ಹಾಕಿದವನ ಅಪರಾಧ ಅದರಿಂದ ಕರಗುವುದಿಲ್ಲ. ಮೂರು ವರ್ಷದ ಮಗು ಯಾವ ಪಡೆಗೆ ಸೇರಿತ್ತು?

ಇದು ದಂತೇವಾಡಾದ ಕಾಡಿಗಷ್ಟೇ ಅಂಟಿದ ರೋಗವಲ್ಲ. 1994ರ ಜುಲೈನಲ್ಲಿ ಅಸ್ಸಾಮಿನ ಬಾರ್ಪೇಟಾ ಜಿಲ್ಲೆಯ ಬಾಂಸಬಾಡಿಯಲ್ಲಿ, ಮನೆ ಕಳೆದುಕೊಂಡ ಮುಸಲ್ಮಾನ ರೈತರು ಆಶ್ರಯ ಪಡೆದಿದ್ದ ಶಿಬಿರದ ಮೇಲೆ ಬೋಡೋ ಉಗ್ರರು ಎರಗಿ ಹತ್ತಾರು ಜನರನ್ನು ಕೊಂದರು. 2024ರ ಮೇ 3ರಂದು ಕಾಂಗೋ ದೇಶದ ಗೋಮಾ ಪಟ್ಟಣದ ಬಳಿಯ ನಿರಾಶ್ರಿತರ ಶಿಬಿರಗಳ ಮೇಲೆ ಬಾಂಬು ಬಿದ್ದವು. ಎಂ-23 ಎಂಬ ಬಂಡುಕೋರರ ಕಡೆಯಿಂದ ಬಿದ್ದವೆಂದು ಕಾಂಗೋ ಮತ್ತು ಅಮೆರಿಕದ ಸರಕಾರಗಳು ಹೇಳಿದವು, ಅವರು ಅಲ್ಲಗಳೆದರು. ಅಲ್ಲಿಯೂ ನೆಲದಡಿ ಖನಿಜವಿದೆ. ನಮ್ಮ ಜೇಬಿನ ಮೊಬೈಲಿನೊಳಗೆ ಕುಳಿತಿರುವ ಟ್ಯಾಂಟಲಮ್ ಲೋಹದ ಅದಿರು ಆ ಸೀಮೆಯದು.

ನೈಜೀರಿಯಾದ ಡಿಕ್ವಾದ ಸಂಗತಿಯನ್ನು ಮಾತ್ರ ಸ್ವಲ್ಪ ವಿವರವಾಗಿ ಹೇಳದೆ ಇರಲಾರೆವು. 2016ರ ಫೆಬ್ರುವರಿ 9. ಬೋಕೋ ಹರಾಮ್ ಎಂಬ ಬಂಡುಕೋರರಿಗೆ ಹೆದರಿ ಊರು ಬಿಟ್ಟ ಸಾವಿರಾರು ಜನ ಅಲ್ಲಿಯ ಶಿಬಿರದಲ್ಲಿದ್ದರು. ಮೈಗೆ ಬಾಂಬು ಕಟ್ಟಿಸಿಕೊಂಡ ಮೂವರು ಹೆಣ್ಣುಮಕ್ಕಳು, ತಾವೂ ನಿರಾಶ್ರಿತರೆಂಬಂತೆ ಒಳಗೆ ಬಂದರು. ಇಬ್ಬರು ಸಿಡಿಸಿಕೊಂಡರು, ಐವತ್ತಕ್ಕೂ ಹೆಚ್ಚು ಜನ ಸತ್ತರು. ಮೂರನೆಯವಳು ಆ ಜನಜಂಗುಳಿಯಲ್ಲಿ ತನ್ನ ತಂದೆತಾಯಿ, ಒಡಹುಟ್ಟಿದವರನ್ನು ಕಂಡಳು. ಬಾಂಬು ಸಿಡಿಸಲಿಲ್ಲ. ಶಿಬಿರದಲ್ಲಿರುವವರು ‘ಶತ್ರು’ ಎಂದು ಅವಳಿಗೆ ಹೇಳಿ ಕಳಿಸಿದ್ದರು. ಅವಳಿಗೆ ಕಂಡದ್ದು ಅವ್ವ, ಅಪ್ಪ.

ಕರ್ನಾಟಕದಲ್ಲೂ ಈ ಹಾದಿಯನ್ನು ಹಿಡಿದು ನೋಡಿದವರುಂಟು. 2005ರ ಫೆಬ್ರುವರಿ 10ರಂದು ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ, ಶಾಲೆಯಲ್ಲಿ ಬೀಡುಬಿಟ್ಟಿದ್ದ ಮೀಸಲು ಪೋಲೀಸರ ಮೇಲೆ ನಕ್ಸಲರು ದಾಳಿ ಮಾಡಿದರು. ಏಳು ಪೋಲೀಸರು, ಒಬ್ಬ ನಾಗರಿಕ ಸತ್ತರು. ಮಲೆನಾಡಿನ ಆದಿವಾಸಿಗಳ ಎತ್ತಂಗಡಿಯ ಪ್ರಶ್ನೆಯನ್ನು ಬಂದೂಕಿನಿಂದ ಬಗೆಹರಿಸುತ್ತೇವೆಂದು ಹೊರಟವರು ಎರಡು ದಶಕದಲ್ಲಿ ಒಂದು ಎಕರೆಗಾದರೂ ಹಕ್ಕುಪತ್ರ ಕೊಡಿಸಿದ್ದುಂಟೇ? 2025ರ ಜನವರಿ 8ರಂದು ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಎದುರು ಶರಣಾದರು. ನಡುವೆ ನಿಂತು ಮಾತಾಡಿದವರು ಬರಿಗೈಯ ನಾಗರಿಕರು. 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರರು ಒಡೆಯರ ಗದ್ದೆಗೆ ಇಳಿದು ಸೆರೆಮನೆ ತುಂಬಿದಾಗ, ಡಾಕ್ಟರ್ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದಾಗ, ಯಾರ ಗುಡಿಸಲಿಗೂ ಬೆಂಕಿ ಬೀಳಲಿಲ್ಲ. ಉಳುವವನ ಹಕ್ಕಿನ ಮಾತು ವಿಧಾನಸಭೆಯ ಬಾಗಿಲು ಮುಟ್ಟಿದ್ದು ಆ ಹಾದಿಯಿಂದ. ಗಾಂಧೀಜಿಯ ಚಿತಾಭಸ್ಮವನ್ನು ಊರ ನಡುವೆ ಇಟ್ಟುಕೊಂಡಿರುವ ಕೂಡ್ಲಿಗಿಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

2025ರ ಮೇ 21ರಂದು ಮಾವೋವಾದಿ ಪಕ್ಷದ ಪ್ರಧಾನ ಕಾರ್ಯದರ್ಶಿ ನಂಬಾಲ ಕೇಶವರಾವ್ ಛತ್ತೀಸಗಡದಲ್ಲಿ ಪಡೆಗಳ ಗುಂಡಿಗೆ ಸತ್ತಾಗ ದಿಲ್ಲಿಯಲ್ಲಿ ಜಯಘೋಷವಾಯಿತು. ಹೆಣದ ಲೆಕ್ಕ ಹಿಡಿದು ಹಬ್ಬ ಮಾಡುವವರನ್ನು ನಾವು ಒಂದೇ ಕೇಳುತ್ತೇವೆ: ಆ 644 ಹಳ್ಳಿಗಳವರ ಲೆಕ್ಕ ಎಲ್ಲಿ?

ಅವರಲ್ಲಿ ಸಾವಿರಾರು ಕುಟುಂಬಗಳು ಇಂದಿಗೂ ಗೋದಾವರಿಯ ಕಾಡಿನಲ್ಲಿವೆ. ಭದ್ರಾಚಲದ ರಾಮನ ಗುಡಿಗೆ ಹೋಗಿಬಂದ ನಮ್ಮ ಯಾತ್ರಿಕರು ದಾರಿಯಲ್ಲಿ ಅವರ ಗುಡಿಸಲುಗಳನ್ನು ಕಂಡಿರಲೂಬಹುದು. ತೆಲಂಗಾಣದವರು ಅವರನ್ನು ಗೊತ್ತಿಕೋಯರೆಂದು ಕರೆಯುತ್ತಾರೆ. ಮೆಣಸಿನಕಾಯಿ ಬಿಡಿಸುವ ಕೂಲಿ ಅವರದು. ಕಾಡು ಕಡಿದು ಬಿತ್ತಿದರೆ ಅರಣ್ಯ ಇಲಾಖೆಯವರು ಬಂದು ಗುಡಿಸಲು ಕೀಳುತ್ತಾರೆ. ಛತ್ತೀಸಗಡದಲ್ಲಿ ಪರಿಶಿಷ್ಟ ಪಂಗಡದವರಾಗಿದ್ದವರಿಗೆ ಗಡಿ ದಾಟಿದೊಡನೆ ಆ ಹಕ್ಕಿಲ್ಲ. ಇದೇನೆಂದು ನಮ್ಮ ತಾಂಡಾದವರಿಗೆ ತಟ್ಟನೆ ತಿಳಿದೀತು: ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ಎರಡೂ ಅಲ್ಲ. ಹೊಟ್ಟೆ ಮಾತ್ರ ಮೂರು ಕಡೆಯೂ ಒಂದೇ.

ಕಾನೂನಿನಲ್ಲಿ ದಾರಿಯಿಲ್ಲವೆಂದಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯ ಮೂರನೆಯ ಕಲಮಿನಲ್ಲಿ, 2005ರ ಡಿಸೆಂಬರ್ 13ಕ್ಕೆ ಮುಂಚೆ ಅಕ್ರಮವಾಗಿ ಒಕ್ಕಲೆಬ್ಬಿಸಲ್ಪಟ್ಟ ಅರಣ್ಯವಾಸಿಗೆ ಬದಲಿ ಭೂಮಿ ಸಹಿತ ಪುನರ್ವಸತಿಯ ಹಕ್ಕಿದೆಯೆಂದು ಬರೆದಿದೆ. ಸಲ್ವಾ ಜುಡುಂ ಹೊರಟದ್ದು ಆ ವರ್ಷದ ಜೂನಿನಲ್ಲಿ. ಅಂದರೆ ಮೊದಲ ಆರು ತಿಂಗಳಲ್ಲಿ ಊರು ಕಳೆದುಕೊಂಡವರು ಇಂದೇ ಅರ್ಜಿ ಹಾಕಬಹುದು. ಉಳಿದವರಿಗಾಗಿ ಆ ತಾರೀಖನ್ನು ಮುಂದಕ್ಕೆ ಸರಿಸಬೇಕು. ಎರ್ರಾಬೋರಿನಲ್ಲಿ ಸತ್ತವರ ಮನೆಯವರಿಗೂ, ಸುಟ್ಟ ಹಳ್ಳಿಗಳವರಿಗೂ ಒಂದೇ ದರದಲ್ಲಿ ಪರಿಹಾರ ಸಿಗಬೇಕು. ಯಾರ ಬೆಂಕಿಯೆಂದು ನೋಡಿ ರೊಕ್ಕ ಎಣಿಸಬಾರದು. ಈ ಎರಡು ಬೇಡಿಕೆಗಳನ್ನು ನಮ್ಮ ಐದು ಊರುಗಳ ಗಿರಣಿ ಕೂಲಿಕಾರರೂ ಅಂಗಡಿಕಾರರೂ ಠರಾವಿನ ರೂಪದಲ್ಲಿ ಬರೆದು ನಮ್ಮ ಲೋಕಸಭಾ ಸದಸ್ಯರ ಕೈಗೆ ಕೊಡಬೇಕೆಂದು ಕೇಳುತ್ತೇವೆ. ಕೊಟ್ಟೂರಿನ ಆ ಅಂಗಡಿಕಾರ ಮಿತ್ರರ ಸಹಿಗಾಗಿ ಮೊದಲ ಸಾಲನ್ನು ಖಾಲಿ ಬಿಟ್ಟಿದ್ದೇವೆ.